ಮೊದಲು ಹಾರಿಸಿದ ಸಣ್ಣ ಮದ್ದು

ಆ ಡಾಲ್ಫಿನ್ ಮರಿ ಸತ್ತದ್ದು ನನ್ನಿಂದ, ಉದಯಣ್ಣ. ನಿಮ್ಮಿಂದಲ್ಲ. ನೀವು ಬೇಡವೆಂದು ತಡೆದಿದ್ದಿರಿ — ಹೇಳಲೇ ಇಲ್ಲವೆಂದು ಎಲ್ಲರೆದುರು ಸುಳ್ಳಾಡಿದವನು ನಾನು. ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು ನೋಡಿ. ನಾಚಿಕೆಗೆಟ್ಟ ಮನುಷ್ಯ ನಾನು.

ನಾನು ಸಾರವಾಡದವನು. ಈಗ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದೇನೆ. ಅಪ್ಪನ ಕಾಲದಿಂದ ನಮ್ಮದು ಮದ್ದಿಟ್ಟು ಬಾವಿಯ ಕಲ್ಲು ಒಡೆಯುವ ಕೆಲಸ. ಬಬಲೇಶ್ವರ, ತಿಕೋಟಾ ಸುತ್ತ ನಾವು ಇಳಿಯದ ಬಾವಿ ಕಡಿಮೆ. ಅದರಲ್ಲಿ ನಮ್ಮದೊಂದು ಪದ್ಧತಿಯಿತ್ತು — ದೊಡ್ಡ ಮದ್ದಿಗೆ ಮೊದಲು ಸಣ್ಣದೊಂದನ್ನು ಹಾರಿಸುವುದು. ಆ ಸಪ್ಪಳಕ್ಕೆ ಬಾವಿಯ ಪೊಟರೆಗಳಿಂದ ಪಾರಿವಾಳಗಳು ಭರ್ರನೆ ಎದ್ದು ಹೋಗುತ್ತವೆ, ದನಕರು ದೂರ ಓಡುತ್ತವೆ. ಆಮೇಲೆ ದೊಡ್ಡದು. ಸುಮ್ಮನೆ ಜೀವ ಹೋಗಬಾರದೆಂದು ಅಪ್ಪ ಕಲಿಸಿದ್ದು. ನನಗೆ ಅದರ ಹೆಮ್ಮೆ ಸ್ವಲ್ಪವಲ್ಲ.

ಆ ಹೆಮ್ಮೆ ಹೊತ್ತುಕೊಂಡೇ ಕಾರವಾರದ ಕಡೆಯ ನಿಮ್ಮ ಕೊಲ್ಲಿಗೆ ಬಂದೆ. ದೋಣಿ ನಿಲ್ಲುವ ಜೆಟ್ಟಿ ಕಟ್ಟಲು ನೀರಿನ ತಳದ ಬಂಡೆ ಒಡೆಯಬೇಕಿತ್ತು. ಡಾಲ್ಫಿನ್‌ಗಳು ಮರಿ ಕಟ್ಟಿಕೊಂಡು ಬರುವ ಜಾಗವದು. ನಿಮ್ಮ ಊರವರು ಕೆಲಸಕ್ಕೆ ಒಪ್ಪಿದ್ದೇ ಒಂದು ಮಾತಿನ ಮೇಲೆ — ತಮ್ಮವನೊಬ್ಬ ದೋಣಿಯಲ್ಲಿ ಕಾವಲಿರಬೇಕು, ಡಾಲ್ಫಿನ್ ಇದೆಯೆಂದು ಅವನು ಹೇಳಿದರೆ ಮದ್ದು ಹಾರಿಸಬಾರದು. ಆ ಕಾವಲಿಗೆ ಊರು ನಿಮ್ಮನ್ನು ನಂಬಿ ಕಳಿಸಿತ್ತು.

ಆವತ್ತು ಬೆಳಿಗ್ಗೆ ದೋಣಿಯನ್ನು, ನಾವು ನಿಂತು ಕೆಲಸ ಮಾಡುವ ಚಪ್ಪಟೆ ಬಾರ್ಜಿಗೆ ತಾಗಿಸಿ ಮೆಲ್ಲಗೆ ಹೇಳಿದಿರಿ: “ತಾಯಿ, ಮರಿ ಎರಡೂ ಒಳಗೇ ಅದೆ ಮಾರಾಯ. ಹೊರಗೆ ಹೋಗ್ಲಿ, ಆಮೇಲೆ ಮಾಡುವಾ.”

ನನಗೆ ಯಾರೂ ಅವಸರ ಮಾಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಕಸುಬಿಗೆ ಮೀನು ಹಿಡಿಯುವವನೊಬ್ಬ ಅಡ್ಡ ಬರುವುದೆಂದರೇನು — ಅಷ್ಟೇ. ಬರೀ ಸೊಕ್ಕು.

“ಸಣ್ಣದೊಂದ ಹಾರಸ್ತೇನಿ ಅಣ್ಣಾ,” ಎಂದೆ. “ಸಪ್ಪಳಕ್ಕ ಹೆದರಿ ತಾವ ಹೋಗ್ತಾವ.”

ನೀವು ಬೇಡವೆಂದು ಕೈ ಬೀಸುತ್ತಲೇ ಇದ್ದಿರಿ. ಹಾರಿಸಿದೆ. ಡಾಲ್ಫಿನ್‌ಗಳು ಕಾಣದಾದವು. ನಾನು ನಿಮ್ಮ ಕಡೆ ತಿರುಗಿ ನಕ್ಕೆ ಕೂಡ... ಆದರೆ ಆ ಸಣ್ಣ ಮದ್ದಿಗೆ ಮೀನುಗಳು ಸತ್ತಿದ್ದವು, ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲತೊಡಗಿದವು. ಹೋದ ಡಾಲ್ಫಿನ್‌ಗಳು ಆ ಮೀನು ತಿನ್ನಲು ತಿರುಗಿ ಬಂದವು. ಪಾರಿವಾಳ ಹಾಗೆ ಬರುವುದಿಲ್ಲ. ನೀವು ಕೂಗಿದಿರಿ. ಆ ಕೂಗು ನನಗೆ ಕೇಳಿಸಿತ್ತು ಉದಯಣ್ಣ — ಕೇಳಿಸಿತ್ತು. ಆದರೂ ದೊಡ್ಡದನ್ನು ಹಾರಿಸಿದೆ.

ನೀರು ಎದ್ದು ಬಿತ್ತು. ಸ್ವಲ್ಪ ಹೊತ್ತಿಗೆ ತಾಯಿ ಮೇಲೆ ಬಂದಳು, ಮೂತಿಯ ಮೇಲೆ ಮರಿ. ಉಸಿರಾಡಲೆಂದು ಅದನ್ನು ಮೇಲೆತ್ತುವಳು, ಅದು ಜಾರಿ ಮುಳುಗುವುದು, ಇವಳು ಮತ್ತೆ ಕೆಳಗಿಳಿದು ಎತ್ತಿ ತರುವಳು. ಮರುದಿನವೂ ಅದೇ. ಸಂಜೆಗೆ ಮರಿಯ ಬಣ್ಣವೇ ಕೆಟ್ಟಿತ್ತು, ಅವಳು ಬಿಟ್ಟಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅವಳು ಎತ್ತುತ್ತಲೇ ಇರುತ್ತಾಳೆ. ನನ್ನ ಮೊಮ್ಮಗಳು ನಿದ್ದೆಯಲ್ಲಿ ತುಸು ಗಟ್ಟಿಯಾಗಿ ಉಸಿರೆಳೆದರೂ ಎದ್ದು ಕೂರುತ್ತೇನೆ.

ಎಂಜಿನಿಯರ್ ಸಾಹೇಬರು ಬಂದು ನಿಮ್ಮ ಊರವರ ಮುಂದೆಯೇ ಹೀಗೇಕಾಯಿತೆಂದು ನನ್ನನ್ನು ಕೇಳಿದರು. ಬಾಯಿಗೆ ಬಂದದ್ದು ಇದು: “ಕಾವಲಕ್ಕ ನಿಂತಾಂವ ಏನೂ ಹೇಳ್ಲಿಲ್ರಿ.”

ನೀವು ನನ್ನನ್ನು ನೋಡಿದಿರಿ. ಈಗ ನಿಜ ಹೇಳುತ್ತಾನೆ ಎಂದು ಕಾಯುತ್ತಿದ್ದಿರೇನೋ — ನಾನು ಚಪ್ಪಲಿಯ ಉಸುಕು ಕೊಡವುತ್ತ ನಿಂತೆ. ಜೆಟ್ಟಿ ಕಂಪನಿಯವರ ದುಡ್ಡಿಗೆ ಬಿದ್ದು ಕಾವಲಿನಲ್ಲಿ ಸುಮ್ಮನಿದ್ದ ಎಂದು ನಿಮ್ಮವರು ತೀರ್ಮಾನಿಸಿದರು. ನಾನು ಅಲ್ಲಿಂದ ಹೊರಡುವಷ್ಟರಲ್ಲಿ ನಿಮ್ಮನ್ನು ಯಾರೂ ತಮ್ಮ ದೋಣಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡೇ ವಿಜಯಪುರದ ಬಸ್ಸು ಹತ್ತಿದೆ.

ಮಾತು ಅಲ್ಲಿಗೇ ನಿಂತಿದ್ದರೆ ಬಹುಶಃ ನಾನು ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆ. ಮೊನ್ನೆ ಕನಮಡಿಯಿಂದ ಅಕ್ಕನ ಮಗ ಬಸವರಾಜ ಬಂದಿದ್ದ. ಅವನೂ ಇದೇ ಕಸುಬಿನವನು. ನಿಮ್ಮ ಕೊಲ್ಲಿಯಲ್ಲೇ ಇನ್ನೊಂದು ಜೆಟ್ಟಿಗೆ ಕೆಲಸ ಸಿಕ್ಕಿದೆಯಂತೆ. ಚಹಾ ಕುಡಿಯುತ್ತ ಅಂದ: “ನಿಮ್ಮ ಪದ್ಧತಿನ ಹಿಡದೇವಿ ಮಾಮಾ. ಮೊದಲ ಸಣ್ಣದು, ಆಮ್ಯಾಲ ದೊಡ್ಡದು. ಅವತ್ತ ತಪ್ಪ ಆಗಿದ್ದು ಆ ಕಾವಲದಾಂವಂದ ಅಲ್ರೀ?”

ನನ್ನ ಸುಳ್ಳು ನಿಮ್ಮ ಹೆಸರು ಕೆಡಿಸಿತು. ನನ್ನ ಪದ್ಧತಿಯನ್ನು ಮಾತ್ರ ಉಳಿಸಿಬಿಟ್ಟಿತು. ಬಸವರಾಜನಿಗೆ ಎಲ್ಲ ಹೇಳಿದೆ, ಒಂದೂ ಬಿಡದೆ. ಅವನು ಕಪ್ಪು ಕೆಳಗಿಟ್ಟು, ಮುಖ ನೋಡದೆ ಎದ್ದು ಹೋದ. ಸಂಜೆ ಫೋನು ಮಾಡಿ ಆ ಕೆಲಸ ಬಿಟ್ಟೆ ಎಂದ. ಆದರೆ ಬೇರೆಯವರು ಬರುತ್ತಾರೆ. ಸಣ್ಣ ಮದ್ದನ್ನೂ ತರುತ್ತಾರೆ.

ಅದಕ್ಕೇ ಬರುತ್ತಿದ್ದೇನೆ. ನಿಮ್ಮ ಮನೆಗಲ್ಲ — ಒಳಗೆ ಕೂತು ನಿಮ್ಮೊಬ್ಬರ ಕಾಲು ಹಿಡಿದು ಹಗುರಾಗಿ ಬರುವ ಆಸೆ ನನಗಿಲ್ಲ. ನಿಮ್ಮವರು ಬಲೆ ಹೊಲಿಯುತ್ತ ಕೂರುವ ದಡದಲ್ಲಿ, ಅವರೆಲ್ಲರ ಮುಂದೆ ನಿಂತು ಹೇಳುತ್ತೇನೆ: ಉದಯಣ್ಣ ತಡೆದಿದ್ದ, ನಾನು ಕೇಳಲಿಲ್ಲ; ಆ ಸಣ್ಣ ಮದ್ದನ್ನು ಇನ್ನು ಯಾರಿಗೂ ಇಲ್ಲಿ ಹಾರಿಸಗೊಡಬೇಡಿ. ಕ್ಷಮಿಸಿ ಎನ್ನುವುದಿಲ್ಲ. ನನ್ನ ಮುಖ ಕಂಡೊಡನೆ ನೀವು ಎದ್ದು ಹೋದರೂ, ನಾನು ಹೇಳಿ ಮುಗಿಸುತ್ತೇನೆ.