ಅತ್ತಿಗೆಯ ಮೂರು ಅಂದಾಜು

“ಅಮ್ಮಾ, ಅತ್ತೆ ಬರೆಯೋ ಗೆರೆ ಎಲ್ಲಾ ಯಾಕೆ ಕೆಳಗೇ ಜಾರುತ್ತೆ? ಅವರ ಮೇಜು ಸೊಟ್ಟಗಿದೆಯಾ?”

ಮಗಳು ಇದನ್ನು ಕೇಳಿದಾಗ ನನ್ನ ಕೈಯಲ್ಲಿ ಅವಳ ಜಡೆಯಿತ್ತು, ಬಾಯಲ್ಲಿ ಪಿನ್ನು. ಅವಳ ಅತ್ತೆ ಎಂದರೆ ನನ್ನ ಅತ್ತಿಗೆ, ಮೇಲಿನ ಮನೆಯಲ್ಲಿರುವ ಅಣ್ಣನ ಹೆಂಡತಿ. ಮೇಜು ನೆಟ್ಟಗೇ ಇದೆ. ಸೊಟ್ಟಗಿರುವುದು ಅವರ ಕೆಲಸ.

ನೆಲದಡಿಯಿಂದ ಎಣ್ಣೆ, ಗ್ಯಾಸ್ ತೆಗೆಯುವ ಕಂಪನಿಯಲ್ಲಿ ಅತ್ತಿಗೆ ಅಂದಾಜು ಹಾಕುವವರು. ಯಾವ ಬಾವಿ ಇಲ್ಲಿಯವರೆಗೆ ಎಷ್ಟು ಕೊಟ್ಟಿತು ಎಂದು ನೋಡಿ, ಮುಂದೆ ಎಷ್ಟು ಕೊಟ್ಟೀತು ಎಂದು ಗೆರೆ ಎಳೆಯಬೇಕು. ಹೊಸ ಬಾವಿ ಮೊದಮೊದಲು ಉಕ್ಕಿ ಉಕ್ಕಿ ಕೊಡುತ್ತದಂತೆ, ಬೇಗನೆ ಸೊರಗುತ್ತದಂತೆ, ಆಮೇಲೆ ವರ್ಷಗಟ್ಟಲೆ ಮೆಲ್ಲಗೆ ಜಿನುಗುತ್ತಿರುತ್ತದಂತೆ. ಹಾಗಾಗಿ ಗೆರೆ ಜಾರುಬಂಡೆಯಂತೆ ಇಳಿಯುತ್ತದೆ. ಅದರ ಬಾಲವನ್ನು ಒಂಚೂರು ಮೇಲೆತ್ತಿ ಎಂದು ಮೇಲಧಿಕಾರಿ ಪ್ರತಿ ಸಲ ಗೋಗರೆಯುತ್ತಾರೆ; ಅತ್ತಿಗೆ ಪ್ರತಿ ಸಲ ಅವರಿಗೆ ಟೀ ಕುಡಿಸಿ ಕಳಿಸುತ್ತಾರೆ.

ನೆಲದಡಿಗೆ ಇಳಿದು ನೋಡಿ ಬಂದವರು ಯಾರೂ ಇಲ್ಲ, ಆದ್ದರಿಂದ ಒಂದೇ ಅಂಕಿ ಹೇಳಿದರೆ ಸುಳ್ಳು ಹೇಳಿದಂತೆ ಎಂಬುದು ಅವರ ನಂಬಿಕೆ. ಅದಕ್ಕೇ ಮೂರು ಹೇಳುತ್ತಾರೆ: ಇಷ್ಟಂತೂ ಬಂದೇ ಬರುತ್ತದೆ, ಬಹುಶಃ ಇಷ್ಟು ಬರುತ್ತದೆ, ಅದೃಷ್ಟ ಇದ್ದರೆ ಇಷ್ಟು. ಆಫೀಸಿನಲ್ಲಿ ಇದಕ್ಕೆ ಸಂಬಳ ಸಿಗುತ್ತದೆ, ಮನೆಯಲ್ಲಿ ಬೈಗುಳ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಅಣ್ಣ ಕೇಳಿದರೂ ಮೂರು ಉತ್ತರ. ಅಣ್ಣನ ತಲೆಗೂದಲಿಗೂ ಒಂದು ಗೆರೆ ಎಳೆದಿಟ್ಟಿದ್ದಾರೆ. ಅದರಲ್ಲಿ ಅದೃಷ್ಟದ ಅಂದಾಜೂ ಅಷ್ಟಕ್ಕಷ್ಟೇ.

ಕಳೆದ ವಾರ ನಮ್ಮಮ್ಮ ಊರಿಂದ ಬಂದು ಅಣ್ಣನ ಮನೆಯಲ್ಲಿ ಇಳಿದಳು. ಅತ್ತಿಗೆಯ ಸಂಭ್ರಮ ನೋಡಬೇಕಿತ್ತು. ಅವರಿಗೆ ಹೆತ್ತ ತಾಯಿ ಇಲ್ಲ. ಬಾವಿಗಳ ಲೆಕ್ಕ ಹಾಕಿ ಹಾಕಿ ಕಾದ ಆ ತಲೆಗೆ ಎಣ್ಣೆ ತಟ್ಟುವ ಕೈ ಅಮ್ಮನದೊಂದೇ. ಮರುದಿನ ಬೆಳಿಗ್ಗೆ ಹಾಲಿನವನು, ಹೆಚ್ಚಿನ ಹಾಲು ಎಷ್ಟು ದಿನ ಬೇಕೆಂದು ಕೇಳಿದ. ಅತ್ತಿಗೆ ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಹೇಳಿಬಿಟ್ಟರು: “ಒಂದು ವಾರ ಅಂತೂ ಗ್ಯಾರಂಟಿ. ಬಹುಶಃ ಎರಡು. ಅದೃಷ್ಟ ಇದ್ರೆ ಒಂದು ತಿಂಗಳು.”

ಹಾಲಿನವನಿಗೆ ತಲೆಬುಡ ಅರ್ಥವಾಗಲಿಲ್ಲ. ಹಿಂದೆ ಬ್ರಷ್ ಕಚ್ಚಿಕೊಂಡು ನಿಂತಿದ್ದ ಅಮ್ಮನಿಗೆ ಮಾತ್ರ ಎಲ್ಲ ಅರ್ಥವಾಯಿತು, ಬೇರೆಯೇ ಥರ: ಅತ್ತೆ ಯಾವಾಗ ಹೊರಡುತ್ತಾಳೆಂದು ಸೊಸೆ ದಿನ ಎಣಿಸುತ್ತಿದ್ದಾಳೆ.

ಆಗ ಅತ್ತಿಗೆ ತೆಪ್ಪಗಿದ್ದಿದ್ದರೆ ಮುಗಿದುಹೋಗುತ್ತಿತ್ತು. ಅವರೋ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಹಾಳೆ ತಂದು, ಜಾರುವ ಗೆರೆ ಎಳೆದು ವಿವರಿಸಲು ಶುರುಮಾಡಿದರು.

“ಅಂದ್ರೆ ನಾನು ಹಳೇ ಬಾವಿ,” ಎಂದಳು ಅಮ್ಮ.

“ಹಳೇ ಬಾವಿನೇ ನಂಬಿಕಸ್ಥ, ಅತ್ತೆ. ಕೊಡೋದು ನಿಲ್ಲಿಸೋದೇ ಇಲ್ಲ. ಕೊನೆಕೊನೆಗೆ ಎಣ್ಣೆ ಜೊತೆ ಸ್ವಲ್ಪ ನೀರು ಜಾಸ್ತಿ ಬರುತ್ತೆ, ಅಷ್ಟೆ.”

ಅಷ್ಟರಲ್ಲಿ ಅಮ್ಮನ ಕಣ್ಣಲ್ಲಿ ನೀರು ಬಂದೇಬಿಟ್ಟಿತ್ತು. ತಿಂಡಿಗೂ ನಿಲ್ಲದೆ ಬ್ಯಾಗು, ಚಪ್ಪಲಿ, ಬ್ರಷ್ಷು ಸಮೇತ ಕೆಳಗೆ ನಮ್ಮ ಮನೆಗೆ ಬಂದಳು. ಅತ್ತಿಗೆಯ ಗ್ಯಾರಂಟಿ ಅಂಕಿ ಸುಳ್ಳಾದದ್ದು ಅದೇ ಮೊದಲು.

ಅಣ್ಣ ರಾಜಿಗೆ ಹೊರಟ. ಅಮ್ಮನ ಹತ್ತಿರ ಹೆಂಡತಿಯದು ತಪ್ಪಿಲ್ಲವೆಂದ, ಹೆಂಡತಿಯ ಹತ್ತಿರ ಅಮ್ಮನದು ತಪ್ಪಿಲ್ಲವೆಂದ, ಇಬ್ಬರಿಂದಲೂ ಉಗಿಸಿಕೊಂಡು ಮಹಡಿ ಮೆಟ್ಟಿಲ ಮೇಲೆ ಕುಳಿತು ಪೇಪರ್ ಓದಿದ. ಅತ್ತಿಗೆ ಒಂದು ಸಂಜೆ ಸಕ್ಕರೆ ಕೇಳಲು ಬಂದರು, ಮರುದಿನ ಅದೇ ಸಕ್ಕರೆ ವಾಪಸು ಕೊಡಲು ಬಂದರು. ಅವರನ್ನು ಕಂಡೊಡನೆ ಅಮ್ಮ, ಮಡಚಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚತೊಡಗುತ್ತಿದ್ದಳು.

“ಬಾವಿ ಮುನಿಸಿಕೊಳ್ಳುತ್ತೆ ಅಂತ ನಮ್ಗೆ ಯಾರೂ ಹೇಳ್ಕೊಟ್ಟಿಲ್ವಲ್ಲೇ,” ಎಂದು ಅತ್ತಿಗೆ ಬಾಗಿಲಲ್ಲಿ ನನ್ನ ಹತ್ತಿರ ಪಿಸುಗುಟ್ಟಿದರು. ನೆಲದಡಿಯ ಗ್ಯಾಸಿಗೆ ಕಿವಿಯಿಲ್ಲ, ನಮ್ಮಮ್ಮನಿಗೆ ಎರಡಿವೆ ಎಂದು ನೆನಪಿಸಿ ಕಳಿಸಿದೆ.

ಇಂದು ಸಂಜೆ ಅವರು ಮತ್ತೆ ಬಂದರು. ಸಕ್ಕರೆಯಿಲ್ಲ, ಕಂಕುಳಲ್ಲಿ ಸುತ್ತಿದ ಹಾಸಿಗೆ, ದಿಂಬು. ಕೂದಲು ಗುಬ್ಬಿ ಗೂಡು.

“ಅತ್ತೆ ಮೇಲೆ ಬರಲ್ಲ ಅಂದ್ರೆ ನಾನೇ ಇಲ್ಲಿರ್ತೀನಿ.”

ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆ ನನಗೆ ಹೇಳಿದಳು, “ಎಷ್ಟು ದಿನವಂತೆ, ಕೇಳು.”

ಅತ್ತಿಗೆಯ ಬಾಯಿ ತೆರೆಯಿತು. ಮೂರೂ ಅಂಕಿ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೇ ಕಾಣಿಸಿತು. ಮಾತ್ರೆ ನುಂಗುವಂತೆ ಅಷ್ಟನ್ನೂ ನುಂಗಿಕೊಂಡರು.

“ಗೊತ್ತಿಲ್ಲ ಅತ್ತೆ.”

ಅಮ್ಮನ ಕೈ ನಿಂತಿತು. “ತಲೆ ನೋಡು, ಒಣಗಿ ಪೊರಕೆ ಆಗಿದೆ,” ಎಂದು ಬಟಾಣಿಗೆ ಹೇಳಿದಳು.

ಅತ್ತಿಗೆ ಹಾಸಿಗೆಯನ್ನು ಅಲ್ಲೇ ಬಿಟ್ಟು, ಅಮ್ಮನ ಕಾಲ ಬಳಿ ದೊಪ್ಪನೆ ಕುಳಿತು, ನನ್ನತ್ತ ಕೈ ಚಾಚಿದರು.

“ಆ ಎಣ್ಣೆ ಬಾಟ್ಲಿ ಸ್ವಲ್ಪ ಕೊಡೇ. ಎಷ್ಟು ಬೇಕು ಅಂತ ಮಾತ್ರ ನನ್ನ ಕೇಳ್ಬೇಡ.”