ಟ್ಯಾಂಕಿಗೆ ಇಳಿದ ನೀರು

ಸುಂಕದಕಟ್ಟೆಯಲ್ಲಿ ಬೈಕು ಕೆಟ್ಟರೆ ಜನ ಮೊದಲು ನೆನೆಯುವುದು ಮೆಕ್ಯಾನಿಕ್ ವೆಂಕಟಗಿರಿಯವರನ್ನು. ಇಪ್ಪತ್ತೆಂಟು ವರ್ಷದಿಂದ ಅದೇ ಹತ್ತಡಿ ಅಂಗಡಿ. ಬೆಳಿಗ್ಗೆ ಊದುಬತ್ತಿ ಹಚ್ಚಿ, ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ಕೆಲಸ. ಮಾತು ಕಡಿಮೆ. ಆಡಿದ ಮಾತನ್ನು ಅಲ್ಲಿ ಯಾರೂ ಅನುಮಾನಿಸುವುದಿಲ್ಲ. ಆ ಮಂಗಳವಾರ ತೊಂದರೆಯಾದದ್ದೂ ಅದರಿಂದಲೇ.

ಊಟದ ಡೆಲಿವರಿ ಮಾಡುವ ದ್ಯಾಮಪ್ಪ ಗಾಡಿ ತಳ್ಳಿಕೊಂಡು ಬಂದ. ಗದಗದ ಕಡೆಯವನು.

"ಅಣ್ಣಾರ, ಜಗ್ಗಿ ಜಗ್ಗಿ ನಿಂತ್ ಬಿಡ್ತೈತ್ರಿ. ನಿನ್ನೆರ ಪೆಟ್ರೋಲ್ ಹಾಕ್ಸೀನಿ."

ವೆಂಕಟಗಿರಿ ಟ್ಯಾಂಕಿನ ಪೈಪು ಬಿಚ್ಚಿ, ಗಾಜಿನ ಬಾಟಲಿಗೆ ಒಂದಿಷ್ಟು ಪೆಟ್ರೋಲು ಇಳಿಸಿದರು. ತಳದಲ್ಲಿ ಮಸುಕಾದ ಪದರವೊಂದು ನಿಂತಿತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ನೀರು ಸೇರಿದರೆ ಅದನ್ನು ಸೆಳೆದುಕೊಂಡು ತಳಕ್ಕೆ ಕೂರುತ್ತದೆ. ಎಂಜಿನ್ನಿಗೆ ಮೊದಲು ಹೋಗುವುದೇ ತಳದ್ದು.

"ನೀರು ಕಣಯ್ಯಾ. ಬಂಕಲ್ಲೇ ಬಂದಿರ್ಬೇಕು," ಎಂದು ಅವರು ಇನ್ನೊಂದು ಗಾಡಿಯ ಕಡೆ ತಿರುಗಿದರು.

ದ್ಯಾಮಪ್ಪ ಗಾಡಿ ಅಲ್ಲೇ ಬಿಟ್ಟು, ನಾಲ್ವರು ಗೆಳೆಯರನ್ನು ಕೂಡಿಕೊಂಡು ನೇರ ಬಂಕಿಗೆ ಹೋದ.

ಹನ್ನೊಂದರ ಹೊತ್ತಿಗೆ ಅಲ್ಲಿ ಪೆಟ್ರೋಲು ಹಾಕುವ ಸುವರ್ಣಾ ಅಂಗಡಿಯ ಮುಂದೆ ಬಂದು ನಿಂತಳು.

"ಗಿರಿಯಣ್ಣ, ನೀವು ಹೇಳಿದ್ರಂತೆ. ನಾನೇ ಬೆರೆಸ್ದೆ ಅಂತ ಐದು ಜನ ಕೂಗಾಡಿದ್ರು. ಮ್ಯಾನೇಜರ್ ಇನ್ಮೇಲೆ ಬರ್ಬೇಡ ಅಂದ್ರು. ನಿನ್ನೆಯಿಂದ ನೂರಾರು ಗಾಡಿಗೆ ಹಾಕಿದೀನಿ, ಅವೆಲ್ಲ ಓಡ್ತಾ ಇಲ್ವಾ? ಒಂದ್ಸಲ ನೋಡಿ ಹೇಳ್ಬಾರ್ದಿತ್ತಾ?"

ವೆಂಕಟಗಿರಿ ಕೈ ಒರೆಸಿಕೊಂಡು ಎದ್ದರು. ಅವಳ ಜೊತೆಯಲ್ಲೇ ಹೋಗಿ ಅದೇ ಪಂಪಿನಿಂದ ಇನ್ನೊಂದು ಬಾಟಲಿ ಹಿಡಿದರು. ಎಷ್ಟು ಹೊತ್ತು ಇಟ್ಟರೂ ತಿಳಿಯಾಗಿಯೇ ಇತ್ತು. ಮರಳಿ ಬಂದು ದ್ಯಾಮಪ್ಪನನ್ನು ಕರೆಸಿ, ಟ್ಯಾಂಕಿನ ಮುಚ್ಚಳ ತೆರೆದರು. ಅಂಚಿನ ಸುತ್ತ ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು.

"ಇದೇನೋ?"

"ಇಭೂತಿ, ಕುಂಕುಮರಿ. ಅಮಾಸಿಗೊಮ್ಮೆ ನಮ್ಮ ಮನ್ಯಾಕಿ ಹೊನ್ನವ್ವ ಗಾಡಿ ಪೂಜಿ ಮಾಡ್ತಾಳ. ಮೊನ್ನಿ ಎರಡು ಕೊಡ ನೀರು ಸುರುವ್ಯಾಳ, ಮ್ಯಾಲಿಂದನ."

"ಗಾಡಿಗೂ ತಲೆಗೆ ಸ್ನಾನವಾ?"

ಮುಚ್ಚಳದ ಸುತ್ತ ನಿಂತ ನೀರು ಹೊರಗೆ ಹರಿಯಲೆಂದು ಅಲ್ಲೊಂದು ಸಣ್ಣ ತೂತು ಇರುತ್ತದೆ. ತಿಂಗಳುಗಟ್ಟಲೆಯ ಕುಂಕುಮ ಅದನ್ನು ಮುಚ್ಚಿಬಿಟ್ಟಿತ್ತು. ಹೋಗಲು ದಾರಿಯಿಲ್ಲದ ನೀರು ಒಳಗಿಳಿದಿತ್ತು. ವೆಂಕಟಗಿರಿ ತಂತಿಯಿಂದ ತೂತು ಬಿಡಿಸಿ, ಟ್ಯಾಂಕು ಪೂರ್ತಿ ಖಾಲಿ ಮಾಡಿದರು.

"ಹಂಗಾರ ತಪ್ಪು ಹೊನ್ನವ್ವಂದೇನ್ರಿ?"

"ಪೂಜೆದು ಏನೂ ತಪ್ಪಿಲ್ಲ. ಕುಂಕುಮ ಹೆಡ್‌ಲೈಟಿಗೆ ಇಡೋಕೆ ಹೇಳು. ತಪ್ಪು ನಂದು. ಮುಚ್ಚಳ ತೆಗೆದು ನೋಡದೇ ಮಾತಾಡ್ದೆ. ನಡಿ, ನೀನೂ ಬಾ."

ಬಂಕಿನಲ್ಲಿ ಸುವರ್ಣಾ ಗಾಳಿ ಹಾಕುವ ಮೂಲೆಯ ಕಟ್ಟೆಯ ಮೇಲೆ ಕೂತಿದ್ದಳು. ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆಯೇ ವೆಂಕಟಗಿರಿ ಮ್ಯಾನೇಜರಿಗೆ ಹೇಳಿದರು: "ಸಾರ್, ನಿಮ್ ಪೆಟ್ರೋಲ್ ಸರಿಯಾಗಿದೆ. ನೀರು ಇವನ ಟ್ಯಾಂಕಿನ ಮೇಲಿಂದ ಇಳಿದಿದ್ದು. ಈ ಹೆಣ್ಣುಮಗಳದ್ದು ಏನೂ ಇಲ್ಲ."

"ಇಷ್ಟು ವರ್ಷ ಎಂಜಿನ್ ಬಿಚ್ಚಿದೋರು, ನೀವೇ ಹಿಂಗ್ ಮಾಡಿದ್ರೆ ಹೆಂಗೆ?" ಎಂದರು ಮ್ಯಾನೇಜರು.

"ಮಾಡಬಾರದಿತ್ತು. ಅದಕ್ಕೇ ಯಾರ ಕೈಲೂ ಹೇಳಿ ಕಳಿಸದೆ ನಾನೇ ಬಂದೆ."

"ತಪ್ಪಾತ್ ತಂಗಿ," ಎಂದ ದ್ಯಾಮಪ್ಪ, ನೆಲ ನೋಡುತ್ತ.

ಮ್ಯಾನೇಜರು ರಸ್ತೆಯವರೆಗೆ ಬೆಳೆದಿದ್ದ ಸಾಲನ್ನೊಮ್ಮೆ ನೋಡಿ, ಸುವರ್ಣಾಳಿಗೆ ಕೈಸನ್ನೆ ಮಾಡಿದರು. ಅವಳು ಎದ್ದು ಟೋಪಿ ಸರಿಪಡಿಸಿಕೊಂಡು ಪಂಪಿನ ಹತ್ತಿರ ಹೋದಳು.

"ಝೀರೋ ನೋಡ್ಕೊಳ್ಳಿ ಸಾರ್," ಎಂದಳು ಸಾಲಿನಲ್ಲಿ ಮೊದಲು ನಿಂತವನಿಗೆ.