ಓರೆಸ್ಟನ ತಟ್ಟೆ

ನನ್ನಣ್ಣ ಓರೆಸ್ಟ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ತಾಳ್ಮೆ ನನಗಿರುವುದಿಲ್ಲ. ಅವನು ಕುಡಿಯಲಿಲ್ಲ, ಯಾರ ಮೇಲೂ ಕೈ ಮಾಡಲಿಲ್ಲ. ಸಸ್ಕಾಚೆವಾನ್ ಪ್ರಾಂತ್ಯದ ನಮ್ಮ ಊರಿನ ಗೋಧಿ ಗೋದಾಮಿನಲ್ಲಿ ದುಡಿದ, ಮಗ ಮಾರ್ಕೊನನ್ನು ಮಂಜುಗಡ್ಡೆಯ ಮೇಲಾಡುವ ಐಸ್ ಹಾಕಿ ಆಟಕ್ಕೆ ಹಚ್ಚಿದ. ದರೀನಾ ಅಂತ ಹೆಂಡತಿ, ತಾಲ್ಯಾ ಅಂತ ಮಗಳು ಮನೆಯಲ್ಲಿದ್ದಾರೆ ಅನ್ನುವುದು ಅವನಿಗೆ ಬೇಸಿಗೆಯಲ್ಲಿ ಮಾತ್ರ ನೆನಪಾಗುತ್ತಿತ್ತು. ಬರಬರುತ್ತಾ ಅದೂ ಹೋಯಿತು.

ಮಾರ್ಕೊ ಹೆಜ್ಜೆ ಹಾಕಿದ್ದೇ ತಡ, ಅಣ್ಣ ಹಿತ್ತಲಿಗೆ ಪೈಪಿನಲ್ಲಿ ನೀರು ಬಿಟ್ಟು ಮಂಜುಗಡ್ಡೆಯ ಅಂಗಳ ಮಾಡಿದ. ಹುಡುಗ ಚೆನ್ನಾಗಿ ಆಡುತ್ತಿದ್ದ, ಸುಳ್ಳು ಹೇಳಬಾರದು. ಯಾರೋ ಕೋಚ್ "ಇವನಲ್ಲಿ ಏನೋ ಇದೆ" ಅಂದುಬಿಟ್ಟ. ಆ ಒಂದು ಮಾತು ಮನೆಯನ್ನೇ ನುಂಗಿ ನೀರು ಕುಡಿಯಿತು. ಚಳಿಗಾಲದ ಪಂದ್ಯ ಸಾಲದು ಅಂತ ವಸಂತಕ್ಕೊಂದು ತಂಡ, ಬೇಸಿಗೆಗೊಂದು ಶಿಬಿರ. ಶನಿವಾರ, ಭಾನುವಾರ ಅಪ್ಪ ಮಗ ಟ್ರಕ್ಕಿನಲ್ಲಿ, ತಾಯಿ ಮಗಳು ಮನೆಯಲ್ಲಿ. ಚರ್ಚಿನ ಸಭಾಂಗಣದಲ್ಲಿ ತಾಲ್ಯಾ ಕುಣಿದಾಗ ಅಪ್ಪನ ಪಾಲಿನ ಚಪ್ಪಾಳೆಯನ್ನೂ ನಾನೇ ತಟ್ಟುತ್ತಿದ್ದೆ.

ಉಕ್ರೇನಿನಿಂದ ಇಲ್ಲಿಗೆ ವಲಸೆ ಬಂದ ನಮ್ಮವರಿಗೆ ಜನವರಿ ಆರರ ಪವಿತ್ರ ಸಂಜೆ, ಅಂದರೆ ಹಳೆಯ ಪಂಚಾಂಗದ ಕ್ರಿಸ್‌ಮಸ್ಸಿನ ಹಿಂದಿನ ದಿನ, ದೊಡ್ಡದು. ಮೊದಲ ನಕ್ಷತ್ರ ಕಾಣುವವರೆಗೆ ಉಪವಾಸ, ಆಮೇಲೆ ಹನ್ನೆರಡು ಬಗೆ ಅಡುಗೆ. ಮೇಜಿನ ಮೇಲೆ ತೀರಿಹೋದವರಿಗಾಗಿ ಒಂದು ತಟ್ಟೆ ಹೆಚ್ಚಿಗೆ ಇಟ್ಟು, ಅದಕ್ಕೆ ಒಂದು ಚಮಚ ಕುಟ್ಯಾ ಬಡಿಸುತ್ತೇವೆ. ಬೇಯಿಸಿದ ಗೋಧಿಗೆ ಜೇನು, ಗಸಗಸೆ ಹಾಕಿದ್ದು. ಪಂದ್ಯ ಗೊತ್ತುಮಾಡುವವರಿಗೆ ಡಿಸೆಂಬರಿನ ಕ್ರಿಸ್‌ಮಸ್ ಒಂದೇ ಗೊತ್ತು. ಹಾಳಾದ್ದು, ಪ್ರತಿ ವರ್ಷವೂ ಆ ವಾರವೇ ಪಂದ್ಯಾವಳಿ.

ತಾಲ್ಯಾಗೆ ಐದು ವರ್ಷವಿದ್ದಾಗ ಆ ತಟ್ಟೆಗೆ ಬಡಿಸುವ ಕೆಲಸ ಅವಳಿಗೆ ಬಂತು. ಬಡಿಸಿ ನಮ್ಮಮ್ಮನನ್ನು ಕೇಳಿದಳು, "ಅಜ್ಜಿ, ಅಪ್ಪಂಗೆ ಒಂದೇ ಚಮಚ ಸಾಕಾಗುತ್ತಾ?"

ಅಮ್ಮ ಗಾಬರಿಯಾಗಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಬಿಡ್ತು ಅನ್ನು ಕಂದಾ! ಅದು ಸತ್ತೋರ ತಟ್ಟೆ."

"ಮತ್ತೆ ಅಪ್ಪನ ತಟ್ಟೆ ಎಲ್ಲಿ?"

ಅಪ್ಪನಿಗೆ ತಟ್ಟೆ ಇಟ್ಟಿರಲಿಲ್ಲ. ದರೀನಾ ಬೀಟ್ರೂಟ್ ಸಾರು ತರುವ ನೆಪದಲ್ಲಿ ಅಡುಗೆಮನೆಗೆ ಎದ್ದುಹೋದಳು.

ಅಣ್ಣ ವಾಪಸು ಬಂದಾಗ ನಾನು ಬಿಡಲಿಲ್ಲ. "ಮುಂದಿನ ವರ್ಷ ಮನೇಲಿರು ಮಾರಾಯ. ಮಗಳು ನಿನ್ನ ಸತ್ತೋರ ಲೆಕ್ಕಕ್ಕೆ ಸೇರಿಸಿದಾಳೆ."

"ಮಕ್ಕಳ ಮಾತು ಬಿಡು ಲೇಸ್ಯಾ. ಮಾರ್ಕೊಗೆ ಇದು ಮುಖ್ಯವಾದ ವರ್ಷ. ಇದೊಂದು ಕಳೀಲಿ."

"ನಿಂಗೆ ಯಾವ ವರ್ಷ ಮುಖ್ಯ ಅಲ್ಲ, ಅದನ್ನ ಹೇಳಪ್ಪ."

ಅವನು ನಕ್ಕ. ಕಪಾಳಕ್ಕೆ ಬಿಗಿಯಬೇಕು ಅನಿಸಿತ್ತು ನನಗೆ.

ಹದಿನಾರಕ್ಕೆ ಮಾರ್ಕೊನನ್ನು ದೊಡ್ಡ ಊರಿನ ತಂಡ ಕರೆಯಿತು. ಅಲ್ಲಿ ಯಾರದೋ ಮನೆಯಲ್ಲಿ ಊಟ, ವಾಸ. ಆಡುವ ಹುಡುಗರಿಗೆಲ್ಲ ನಮ್ಮಲ್ಲಿ ಹಾಗೇ. ಅಣ್ಣ ಪ್ರತಿ ಪಂದ್ಯಕ್ಕೂ ಹಿಮದಲ್ಲಿ ಟ್ರಕ್ ಓಡಿಸಿಕೊಂಡು ಹೋದ. ಹುಡುಗ ಎರಡು ವರ್ಷ ಹೆಚ್ಚಾಗಿ ಬೆಂಚಿನ ಮೇಲೇ ಕೂತ. ಕೊನೆಗೆ ತಂಡದವರು ಬೇಡ ಅಂದರು. ಬೇರೆ ತಂಡ ಹುಡುಕೋಣ ಅಂತ ಅಣ್ಣ ಫೋನ್ ಮಾಡಿದ.

"ಸಾಕಪ್ಪ," ಅಂದನಂತೆ ಮಾರ್ಕೊ. "ನಂಗೆ ಯಾವತ್ತೋ ಸಾಕಾಗಿತ್ತು. ನೀನು ಅಷ್ಟು ದೂರ ಬರ್ತಿದ್ಯಲ್ಲ, ಹೇಳಕ್ಕೆ ಬಾಯಿ ಬರ್ಲಿಲ್ಲ."

ಅವನು ಮನೆಗೆ ಬರದೆ ಅಲ್ಲಿಂದಲೇ ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಎಣ್ಣೆಬಾವಿ ಕೆಲಸಕ್ಕೆ ಹೋದ.

ಆ ಚಳಿಗಾಲ ಅಣ್ಣ ಹಿತ್ತಲಿಗೆ ನೀರು ಬಿಡಲಿಲ್ಲ. ಪವಿತ್ರ ಸಂಜೆ ಗಡ್ಡ ಬೋಳಿಸಿ, ಕಸೂತಿಯ ಅಂಗಿ ತೊಟ್ಟು, ನಕ್ಷತ್ರ ನೋಡಲು ಎಲ್ಲರಿಗಿಂತ ಮೊದಲು ಹೊರಗೆ ನಿಂತಿದ್ದ. ಅಮ್ಮ ಆ ಶರತ್ಕಾಲದಲ್ಲಿ ತೀರಿಕೊಂಡಿದ್ದಳು. ಮೇಜು ಸಿದ್ಧಮಾಡಿದವಳು ತಾಲ್ಯಾ, ಆಗಲೇ ಎತ್ತರಕ್ಕೆ ಬೆಳೆದ ಹುಡುಗಿ. ದರೀನಾಗೆ, ನನಗೆ, ತನಗೆ ಒಂದೊಂದು ತಟ್ಟೆ, ಸತ್ತವರಿಗೊಂದು. ಅಣ್ಣ ಒಳಗೆ ಬಂದು ಆ ನಾಲ್ಕನೇ ತಟ್ಟೆಯ ಮುಂದಿನ ಖಾಲಿ ಕುರ್ಚಿ ಎಳೆದ.

"ಅದು ಅಜ್ಜಿದು ಅಪ್ಪ," ಅಂದಳು.

"ನಂದು?"

ಅವಳ ಮುಖ ಕೆಂಪಾಯಿತು. "ಅಯ್ಯೋ, ಯಾವಾಗ್ಲೂ ಇಡೋ ಹಾಗೆ ಇಟ್ಬಿಟ್ಟೆ."

ಬೇಕಂತ ಮಾಡಿದ್ದರೆ ವಾಸಿಯಿತ್ತು. ನಿಜವಾಗಿ ಮರೆತಿದ್ದಳು. ದರೀನಾ ತಟ್ಟೆ ತರಲು ಎದ್ದಳು.

"ಬೇಡ, ಕೂತ್ಕೋ," ಅಂದ ಅಣ್ಣ. "ಅಮ್ಮನ ಜೊತೆ ಹಂಚ್ಕೊಂಡು ತಿಂತೀನಿ."

ಅಲ್ಲೇ ಕೂತ. ತಟ್ಟೆಯಲ್ಲಿ ಒಂದು ಚಮಚ ಕುಟ್ಯಾ ಇತ್ತು. ಅಷ್ಟನ್ನೂ ತಿಂದು ಚಮಚ ಕೆಳಗಿಟ್ಟ. ತಾಲ್ಯಾ ಕುಟ್ಯಾದ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. ಅವನಿಗೆ ಇನ್ನೊಂದು ಚಮಚ ಬೇಕಾ ಅಂತ ಕೇಳಲಿಲ್ಲ.